ಒಂದು ಗಂಟೆ ಮೂವತ್ತೆರಡು ನಿಮಿಷ

ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ನನ್ನ ಹೆಸರಿಗೊಂದು ಟಿಕೆಟ್ ಬಂದು ಕೂತಿತ್ತು. ಟಿಕೆಟ್ ಅಂದರೆ ಬಸ್ಸಿನದಲ್ಲ, ಸಾಫ್ಟ್‌ವೇರ್‌ನವರದ್ದು. ಯಾರೋ ಎಲ್ಲೋ ನಿನ್ನ ಕೆಲಸದಲ್ಲಿ ಹುಳುಕು ಹಿಡಿದಿದ್ದಾರೆ, ನೋಡಿ ಸರಿಮಾಡು ಅಂತ ಅರ್ಥ. 2022ರ ಡಿಸೆಂಬರ್. ಆಗ ನಾನಿದ್ದ ಕಂಪನಿ ಪ್ರಯಾಣದ ಆ್ಯಪ್ ಒಂದನ್ನು ನಡೆಸುತ್ತಿತ್ತು. ಹೆಸರು ಬೇಡ, ಈಗ ನಾನೂ ಅಲ್ಲಿಲ್ಲ.

ಆ ಆ್ಯಪ್‌ನಲ್ಲಿ ಒಂದು ಪುಟ್ಟ ಸೌಲಭ್ಯ ಇತ್ತು. ಪ್ರಪಂಚದ ಯಾವುದೇ ಎರಡು ವಿಮಾನ ನಿಲ್ದಾಣದ ಹೆಸರು ಕೊಡಿ, ನಡುವೆ ಎಷ್ಟು ದೂರ, ಹಾರೋಕೆ ಎಷ್ಟು ಹೊತ್ತು ಅಂತ ಅರೆಕ್ಷಣದಲ್ಲಿ ಹೇಳುತ್ತೆ. ನಮ್ಮ ಪಟ್ಟಿಯಲ್ಲಿ ಸುಮಾರು 3,000 ನಿಲ್ದಾಣ ಇದ್ದವು. ಒಂದಕ್ಕೊಂದು ಜೋಡಿಸುತ್ತ ಹೋದರೆ 45 ಲಕ್ಷ ಜೋಡಿ ಆಗುತ್ತವೆ. ಅಷ್ಟನ್ನೂ ಮನುಷ್ಯರು ಕೂತು ತುಂಬೋಕಾಗುತ್ತಾ? ಅದಕ್ಕೇ ನಾನೊಂದು ಫಂಕ್ಷನ್ ಬರೆದಿದ್ದೆ, ಖಾಲಿ ಸಾಲೂ ಸೇರಿ ಹನ್ನೊಂದು ಸಾಲಿನದು. ಎರಡು ಜಾಗದ ಅಕ್ಷಾಂಶ ರೇಖಾಂಶ ತಗೋ, ಭೂಮಿಯ ಮೈಮೇಲಿನ ಹತ್ತಿರದ ದಾರಿ ಲೆಕ್ಕ ಹಾಕು, ಅದನ್ನು ಗಂಟೆಗೆ 800 ಕಿಲೋಮೀಟರಿನಿಂದ ಭಾಗಿಸು, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸು. ಬೆಂಗಳೂರು–ದೆಹಲಿ ಹಾಕಿ ನೋಡಿದೆ, ಸರಿ ಬಂತು. ಬೆಂಗಳೂರು–ಲಂಡನ್ನೂ ಹೆಚ್ಚುಕಮ್ಮಿ ಸರಿ ಬಂತು. ಅವತ್ತು ಸಂಜೆ ಟೀಮಿನವರಿಗೆಲ್ಲ ನಾನೇ ಟೀ ಕೊಡಿಸಿದ್ದೆ.

ಟಿಕೆಟ್‌ನಲ್ಲಿ ಇದ್ದಿದ್ದು ಎರಡೇ ಸಾಲು. ಕನ್ನಡದಲ್ಲಿ ಹೇಳೋದಾದರೆ: ‘ನಿಮ್ಮ ಪ್ರಕಾರ ಇಕಾಲುಯಿಟ್‌ನಿಂದ ನೂಕ್‌ಗೆ 1 ಗಂಟೆ 32 ನಿಮಿಷ. ಆ ವಿಮಾನ ಎಲ್ಲಿಂದ ಹೊರಡುತ್ತೆ ದಯವಿಟ್ಟು ತಿಳಿಸಿ, ನನ್ನ ತಂಗಿ ಅಲ್ಲಿದ್ದಾಳೆ.’

“ನೂಕ್ ಅಂತೆ, ನೂಕು ನೂಕು” ಅಂತ ಪಕ್ಕದ ಸೀಟಿನವನು ನಕ್ಕ. ನಾನೂ ನಕ್ಕೆ. ಎರಡರಲ್ಲಿ ಒಂದೂ ಊರು ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಇಕಾಲುಯಿಟ್ ಕೆನಡಾದ ಉತ್ತರ ಭಾಗದಲ್ಲಿ, ಬ್ಯಾಫಿನ್ ದ್ವೀಪದಲ್ಲಿದೆ. ನುನಾವುಟ್ ಅನ್ನೋ ಪ್ರಾಂತ್ಯದ ರಾಜಧಾನಿ. ನೂಕ್ ಅದರ ಪೂರ್ವಕ್ಕೆ, ಡೇವಿಸ್ ಜಲಸಂಧಿಯ ಆಚೆ ದಡದಲ್ಲಿ, ಗ್ರೀನ್‌ಲ್ಯಾಂಡಿನ ರಾಜಧಾನಿ. ಎರಡೂ ಉತ್ತರ ಅಕ್ಷಾಂಶ 64 ಡಿಗ್ರಿಯ ಆಸುಪಾಸು. ಒಂದೇ ಗೆರೆಯ ಮೇಲೆ ಎದುರುಬದುರು ಕೂತ ಹಾಗೆ.

ಸರಿ, ಎಂಜಿನಿಯರ್ ಬುದ್ಧಿ. ಮೊದಲು ಅನುಮಾನ ಬಂದದ್ದು ಲೆಕ್ಕದ ಮೇಲೆ. ಅಷ್ಟು ಉತ್ತರಕ್ಕೆ ಹೋದಾಗ ನನ್ನ ಸೂತ್ರ ಕೈಕೊಟ್ಟಿತಾ ಅಂತ ಪೇಪರ್ ಪೆನ್ನು ತಗೊಂಡು ಕೂತೆ. ಅಲ್ಲೊಂದು ಮಜಾ ಇದೆ. ನಮ್ಮ ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ 108 ಕಿಲೋಮೀಟರ್ ಚಿಲ್ಲರೆ. ಧ್ರುವದ ಕಡೆ ಹೋದಂತೆ ರೇಖಾಂಶಗಳೆಲ್ಲ ಹತ್ತಿರ ಸರಿಯುತ್ತವೆ, ಛತ್ರಿಯ ಕಡ್ಡಿಗಳು ತುದಿಯಲ್ಲಿ ಸೇರೋ ಹಾಗೆ. 64 ಡಿಗ್ರಿಗೆ ಹೋಗುವಷ್ಟರಲ್ಲಿ ಅದು 49 ಕಿಲೋಮೀಟರಿಗೆ ಇಳಿದಿರುತ್ತೆ. ಗೋಡೆಗೆ ನೇತುಹಾಕೋ ಪ್ರಪಂಚದ ಭೂಪಟದಲ್ಲಿ ಇದು ಕಾಣೋದೇ ಇಲ್ಲ. ಅಲ್ಲಿ ರೇಖಾಂಶಗಳು ಮೇಲಿಂದ ಕೆಳಗಿನವರೆಗೂ ಅಡಿಕೆ ಮರದ ಸಾಲಿನ ಹಾಗೆ ನೆಟ್ಟಗೆ ನಿಂತಿರುತ್ತವೆ. ಅದಕ್ಕೇ ಗ್ರೀನ್‌ಲ್ಯಾಂಡ್ ಭೂಪಟದಲ್ಲಿ ಭಾರತವನ್ನು ನುಂಗೋ ಹಾಗೆ ಕಾಣುತ್ತೆ. ನಿಜದಲ್ಲಿ ಅದು ಸುಮಾರು 21.7 ಲಕ್ಷ ಚದರ ಕಿಲೋಮೀಟರ್, ಭಾರತ 32.8 ಲಕ್ಷ. ಆ ಭೂಪಟ ನೋಡಿದವರಿಗೆ ಈ ಎರಡು ಊರಿನ ದೂರ ಇರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಾಣುತ್ತೆ.

ನನ್ನ ಫಂಕ್ಷನ್ ಆ ತಪ್ಪು ಮಾಡಿರಲಿಲ್ಲ. 822 ಕಿಲೋಮೀಟರ್. ಕೈಯಲ್ಲಿ ಲೆಕ್ಕ ಹಾಕಿದರೂ ಅದೇ ಬಂತು. ಗಂಟೆಗೆ 800ರ ಹಾಗೆ 1 ಗಂಟೆ 2 ನಿಮಿಷ, ಮೇಲೆ ಅರ್ಧ ಗಂಟೆ. ಗಣಿತ ಸರಿ. ‘ಬಗ್ ಅಲ್ಲ’ ಅಂತ ಬರೆದು ಟಿಕೆಟ್ ಮುಚ್ಚೋದರಲ್ಲಿದ್ದೆ. ಹೆಬ್ಬೆಟ್ಟಿನ ಕೆಳಗೆ ಆ ‘ತಂಗಿ’ ಪದ ಕಂಡಿತು. ಸುಮ್ಮನೆ ನೋಡೋಣ ಅಂತ ನಮ್ಮದೇ ಆ್ಯಪ್‌ನಲ್ಲಿ ಆ ಎರಡು ಊರಿನ ನಡುವೆ ಟಿಕೆಟ್ ಹುಡುಕಿದೆ, ಈ ಸಲ ನಿಜವಾದ ಟಿಕೆಟ್.

ನೇರ ವಿಮಾನ ಇರಲಿಲ್ಲ. ಒಂದೂ ಇರಲಿಲ್ಲ.

ಹೋಗಲೇಬೇಕು ಅಂದರೆ ಮೊದಲು ಇಕಾಲುಯಿಟ್‌ನಿಂದ ದಕ್ಷಿಣಕ್ಕೆ ಒಟ್ಟಾವಾ. ಅಷ್ಟೇ 2,100 ಕಿಲೋಮೀಟರ್. ಅಲ್ಲಿಂದ ಟೊರಾಂಟೊ. ಟೊರಾಂಟೊದಿಂದ ಅಟ್ಲಾಂಟಿಕ್ ದಾಟಿ ಐಸ್‌ಲ್ಯಾಂಡ್, ಸುಮಾರು 4,170. ಅಲ್ಲಿ ಕಾದು, ಮತ್ತೆ ಪಶ್ಚಿಮಕ್ಕೆ ತಿರುಗಿ 1,400 ಕಿಲೋಮೀಟರ್ ಹಾರಿದರೆ ನೂಕ್. ಒಟ್ಟು 8,000 ಮೀರುತ್ತೆ. ಐಸ್‌ಲ್ಯಾಂಡಿನ ವಿಮಾನ ಹೊಂದದಿದ್ದರೆ ಇನ್ನೂ ಆಚೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ವರೆಗೂ ಹೋಗಬೇಕು. ಅಲ್ಲಿಂದ ಗ್ರೀನ್‌ಲ್ಯಾಂಡಿನ ಕಾಂಗರ್ಲುಸ್ಸುವಾಕ್ ಅನ್ನೋ ಜಾಗಕ್ಕೆ ದೊಡ್ಡ ವಿಮಾನ, ಅಲ್ಲಿಂದ ನೂಕ್‌ಗೆ ಸಣ್ಣದು. ಆ ದಾರಿಯನ್ನು ಕೂಡಿಸಿದೆ. 12,500 ಕಿಲೋಮೀಟರಿನ ಹತ್ತಿರ ಬಂತು. 822 ಕಿಲೋಮೀಟರ್ ಆಚೆ ಇರುವ ತಂಗಿಯನ್ನು ನೋಡೋಕೆ ಅದರ ಹದಿನೈದು ಪಟ್ಟು. ನಡುವೆ ಕಾಯೋದು, ರಾತ್ರಿ ತಂಗೋದು ಎಲ್ಲ ಸೇರಿದರೆ ಎರಡು ಮೂರು ದಿನದ ಮಾತು. ದುಡ್ಡಿನ ಲೆಕ್ಕ ಬೇಡವೇ ಬೇಡ.

ಅವತ್ತು ಬೇರೆ ಕೆಲಸ ಆಗಲಿಲ್ಲ. ಆ ಎರಡು ಊರಿನ ಬಗ್ಗೆ ಓದುತ್ತಾ ಕೂತೆ. ಆಮೇಲೂ ಎಷ್ಟೋ ರಾತ್ರಿ ಓದಿದ್ದೇನೆ, ಹೆಂಡತಿ “ಇನ್ನೂ ಆ ಹಿಮದೊಳಗೇ ಇದೀರಾ” ಅನ್ನುವವರೆಗೆ.

ಇಕಾಲುಯಿಟ್‌ನ ಜನಸಂಖ್ಯೆ 2021ರ ಗಣತಿಯಲ್ಲಿ 7,429. ನಮ್ಮ ಕಡೆ ಒಂದು ಹೋಬಳಿ ಕೇಂದ್ರದಷ್ಟು. ನೂಕ್ ಸ್ವಲ್ಪ ದೊಡ್ಡದು, 20,000ದ ಹತ್ತಿರ. ನುನಾವುಟ್‌ನಲ್ಲಿ 25 ಊರುಗಳಿವೆ, ಒಂದೂರಿಂದ ಇನ್ನೊಂದೂರಿಗೆ ರಸ್ತೆ ಇಲ್ಲ. ಗ್ರೀನ್‌ಲ್ಯಾಂಡಿನಲ್ಲೂ ಅದೇ ಕತೆ. ಬೇಸಿಗೆಯ ಕೆಲವು ತಿಂಗಳು ಸಮುದ್ರ ಬಿಟ್ಟಾಗ ಹಡಗಿನಲ್ಲಿ ವರ್ಷದ ಸಾಮಾನು ಬಂದು ಇಳಿಯುತ್ತೆ. ಉಳಿದದ್ದಕ್ಕೆಲ್ಲ ವಿಮಾನವೇ. ಶಾಲೆಯ ಮೇಷ್ಟ್ರು, ಹಲ್ಲಿನ ಡಾಕ್ಟರು, ಟೊಮೆಟೊ, ಟಪಾಲು ಎಲ್ಲವೂ ಆಕಾಶದಿಂದ ಇಳಿಯಬೇಕು. ಅಲ್ಲಿನವರಿಗೆ ವಿಮಾನ ಅಂದರೆ ನಮ್ಮ ಕೆಂಪು ಬಸ್ಸು. ಬಸ್ಸಿನ ಹಾಗೇ ಬರಲೂಬಹುದು, ಬರದೆಯೂ ಇರಬಹುದು. ಮಂಜು ಕವಿದರೆ, ಗಾಳಿ ಎದ್ದರೆ ಇಲ್ಲ. ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ‘ಇಮ್ಮಕಾ’ ಅಂದರೆ ‘ಬಹುಶಃ’. ಅಲ್ಲಿನ ಜನ ತಮ್ಮ ವಿಮಾನ ಕಂಪನಿಯನ್ನು ಪ್ರೀತಿಯಿಂದ ‘ಇಮ್ಮಕಾ ಏರ್’ ಅಂತ ಕರೀತಾರಂತೆ. ಓದಿ ಜೋರಾಗಿ ನಕ್ಕುಬಿಟ್ಟೆ. ನಮ್ಮೂರಲ್ಲಿ ಮಳೆಗಾಲದ ಬಸ್ಸಿಗೆ ಇದಕ್ಕಿಂತ ಒಳ್ಳೆ ಹೆಸರಿಲ್ಲ.

ಇನ್ನೊಂದು ಸಂಗತಿ, ನಮ್ಮ ಡೇಟಾಬೇಸ್‌ನಲ್ಲೇ ದಿನವೂ ಕಣ್ಣಿಗೆ ಬೀಳುತ್ತಿದ್ದರೂ ನಾನು ಗಮನಿಸದೆ ಬಿಟ್ಟದ್ದು. ಇಕಾಲುಯಿಟ್ ನಿಲ್ದಾಣದ ಕೋಡ್ ವೈಎಫ್‌ಬಿ. ನೂಕ್‌ನದ್ದು ಜಿಒಎಚ್. ಊರಿನ ಹೆಸರಿಗೂ ಇದಕ್ಕೂ ಸಂಬಂಧವೇ ಇಲ್ಲವಲ್ಲ ಅಂತ ಹುಡುಕಿದರೆ, ಇಕಾಲುಯಿಟ್‌ನ ಹಳೇ ಹೆಸರು ಫ್ರೋಬಿಶರ್ ಬೇ. 1576ರಲ್ಲಿ ಚೀನಾಕ್ಕೆ ಹತ್ತಿರದ ದಾರಿ ಹುಡುಕಿಕೊಂಡು ಬಂದು ಆ ಕೊಲ್ಲಿಗೆ ನುಗ್ಗಿದ ಮಾರ್ಟಿನ್ ಫ್ರೋಬಿಶರ್ ಅನ್ನೋ ಇಂಗ್ಲಿಷಿನವನ ಹೆಸರು. ನೂಕ್‌ನ ಹಳೇ ಹೆಸರು ಗೋಡ್‌ಹೋಬ್, 1728ರಲ್ಲಿ ಹಾನ್ಸ್ ಎಗೆಡೆ ಅನ್ನೋ ಪಾದ್ರಿ ಸ್ಥಾಪಿಸಿದ ನೆಲೆ. ಎರಡೂ ಊರಿನವರು ತಮ್ಮ ಭಾಷೆಯ ಹೆಸರನ್ನು ವಾಪಸ್ ತಗೊಂಡಿದ್ದಾರೆ, ನೂಕ್ 1979ರಲ್ಲಿ, ಇಕಾಲುಯಿಟ್ 1987ರಲ್ಲಿ. ಇಕಾಲುಯಿಟ್ ಅಂದರೆ ಮೀನು ಹೆಚ್ಚಿರೋ ಜಾಗ, ನೂಕ್ ಅಂದರೆ ನೆಲದ ಮೂತಿ, ಭೂಶಿರ. ಲಗೇಜಿನ ಚೀಟಿಯಲ್ಲಿ ಮಾತ್ರ ಇವತ್ತಿಗೂ ಹಳೇ ದೊರೆಗಳೇ ಕೂತಿದ್ದಾರೆ. ನಗೋ ಹಾಗಿಲ್ಲ, ನಮ್ಮ ಬೆಂಗಳೂರಿನದೂ ಇನ್ನೂ ಬಿಎಲ್‌ಆರ್ ತಾನೇ.

ಎರಡೂ ಕಡೆಯ ಜನ ಇನ್ಯುಯಿಟರು. ಭಾಷೆಗಳು ಅಕ್ಕತಂಗಿಯರು. ನಡುವಿನ ನೀರು ಅವರಿಗೆ ಯಾವತ್ತೂ ಹೊಸದಲ್ಲ. ಗ್ರೀನ್‌ಲ್ಯಾಂಡಿನವರ ಹಿರಿಯರು ಕೆನಡಾದ ಕಡೆಯಿಂದ ನಾಯಿಬಂಡಿಯಲ್ಲಿ, ದೋಣಿಯಲ್ಲಿ ದಾಟಿ ಬಂದವರೇ. ಹಾಗಿದ್ದರೂ ವಿಮಾನದ ಭೂಪಟದಲ್ಲಿ ಯಾಕೆ ಒಂದು ಗೆರೆ ಇಲ್ಲ?

ಗೆರೆ ಎಳೆದವರು ಯಾರು ಅಂತ ನೋಡಿದರೆ ಗೊತ್ತಾಗುತ್ತೆ. ಇಕಾಲುಯಿಟ್‌ನ ವಿಮಾನ ನಿಲ್ದಾಣ ಕಟ್ಟಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಅಮೆರಿಕದ ಸೇನೆ. ಕಾಂಗರ್ಲುಸ್ಸುವಾಕ್‌ನ ಓಡುಹಾದಿಯನ್ನು 1941ರಲ್ಲಿ ಹಾಕಿದವರೂ ಅವರೇ. ಅಮೆರಿಕದಲ್ಲಿ ತಯಾರಾದ ಯುದ್ಧವಿಮಾನಗಳು ಯುರೋಪಿಗೆ ಹಾರುವಾಗ ನಡುವೆ ಇಳಿದು ಎಣ್ಣೆ ತುಂಬಿಸಿಕೊಳ್ಳೋಕೆ ಅಂತ ಹಾಕಿದ ಮೆಟ್ಟಿಲುಗಳು. ಅಲ್ಲಿರುವ ಜನ ಒಬ್ಬರ ಮನೆಗೊಬ್ಬರು ಹೋಗಲಿ ಅಂತ ಹಾಕಿದ್ದಲ್ಲ. ಯುದ್ಧ ಮುಗಿದ ಮೇಲೆ ಬಂದ ಗೆರೆಗಳೂ ಹಾಗೇ. ಇಕಾಲುಯಿಟ್‌ನವರಿಗೆ ದೊಡ್ಡ ಕಾಯಿಲೆ ಬಂದರೆ ಒಟ್ಟಾವಾ. ಕಾಲೇಜು, ಸರ್ಕಾರಿ ಕೆಲಸ, ಅಂಗಡಿಯ ಸಾಮಾನು ಎಲ್ಲಕ್ಕೂ ದಕ್ಷಿಣ. ನೂಕ್‌ನಲ್ಲೊಂದು ದೊಡ್ಡ ಆಸ್ಪತ್ರೆ ಇದೆ. ಅಲ್ಲಿ ಆಗದ್ದಕ್ಕೆ ಕೋಪನ್‌ಹೇಗನ್. ಒಂದೊಂದು ಊರಿಗೂ ಅದರದರ ರಾಜಧಾನಿಯಿಂದ ಒಂದು ಹಗ್ಗ ಕಟ್ಟಿದ್ದಾರೆ. ಹಗ್ಗ ಹಿಡಿದೇ ಹೋಗಬೇಕು, ಹಗ್ಗದಲ್ಲೇ ವಾಪಸ್ ಬರಬೇಕು. ಪಕ್ಕದವರ ಮನೆಗೆ ಹೋಗೋಕೆ ದೊಡ್ಡ ಮನೆಯ ಅಂಗಳ ಹಾದೇ ಹೋಗಬೇಕು.

ಪ್ರಯತ್ನ ಆಗಿಲ್ಲ ಅಂತಲ್ಲ. ಹಿಂದೆ ಫರ್ಸ್ಟ್ ಏರ್ ಅನ್ನೋ ಕಂಪನಿ ಕೆಲಕಾಲ ಹಾರಿಸಿತ್ತು. 2012ರ ಬೇಸಿಗೆಯಲ್ಲಿ ಏರ್ ಗ್ರೀನ್‌ಲ್ಯಾಂಡ್ ಮತ್ತೆ ಶುರುಮಾಡಿತು, ಕೆಲವೇ ವರ್ಷಕ್ಕೆ ಅದೂ ನಿಂತಿತು. ಸೀಟು ತುಂಬೋದಿಲ್ಲ. 7,000 ಜನ ಒಂದು ಕಡೆ, 20,000 ಜನ ಇನ್ನೊಂದು ಕಡೆ. ಎಷ್ಟು ಜನ ಎಷ್ಟು ಸಲ ಹೋಗ್ತಾರೆ? ಕಂಪನಿಯವರನ್ನೂ ಪೂರ್ತಿ ಬೈಯೋಕಾಗಲ್ಲ. ಎಣ್ಣೆಗೆ ದುಡ್ಡು ಕೊಡಬೇಕಲ್ಲ.

2002ರಲ್ಲಿ ಮಾತ್ರ ಒಂದು ಚಂದದ ಕೆಲಸ ಆಗಿದೆ. ಉತ್ತರದ ಊರುಗಳ ಹುಡುಗರು ಸೇರಿ ಆಡೋ ಆರ್ಕ್ಟಿಕ್ ವಿಂಟರ್ ಗೇಮ್ಸ್ ಅನ್ನು ಆ ವರ್ಷ ಇಕಾಲುಯಿಟ್ ಮತ್ತು ನೂಕ್ ಎರಡೂ ಜೊತೆಯಾಗಿ ನಡೆಸಿದವು. ಕೆಲವು ಆಟ ಆ ದಡದಲ್ಲಿ, ಕೆಲವು ಈ ದಡದಲ್ಲಿ. ಎರಡು ದೇಶ, ನಡುವೆ ಒಂದು ಸಮುದ್ರ, ಒಂದೇ ಕ್ರೀಡಾಕೂಟ. ಇಪ್ಪತ್ತು ವರ್ಷ ಆದಮೇಲೆ, 2022ರ ಜೂನ್‌ನಲ್ಲಿ, ಇನ್ನೂ ಉತ್ತರಕ್ಕಿರುವ ತಾರ್ತುಪಾಲುಕ್ ಅನ್ನೋ ಬರಡು ಬಂಡೆಯ ದ್ವೀಪವನ್ನು ಕೆನಡಾ, ಡೆನ್ಮಾರ್ಕ್ ಹಂಚಿಕೊಂಡು ಗಡಿ ಹಾಕಿದವು. ಅಂದರೆ ನನಗೆ ಆ ಟಿಕೆಟ್ ಬರುವ ಆರು ತಿಂಗಳ ಮೊದಲೇ ಈ ಎರಡು ನಾಡಿಗೆ ನೆಲದ ಮೇಲೇ ಒಂದು ಗಡಿ ಇತ್ತು. ವಿಮಾನ ಮಾತ್ರ ಇರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ನಾಚಿಕೆ ಆಯ್ತು. ಹನ್ನೊಂದು ಸಾಲಿನ ಆ ಫಂಕ್ಷನ್ ಬೇರೆ ಯಾರು ಬರೆದಿದ್ದರೂ ಸರಿ, ನಾನು ಬರೀಬಾರದಿತ್ತು.

ನಮ್ಮೂರು ತುಮರಿಯ ಹತ್ತಿರ, ಶರಾವತಿ ಹಿನ್ನೀರಿನ ಆಚೆ ದಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ನಮ್ಮದು ದ್ವೀಪ ಆಯ್ತು. ನಾಡಿಗೆಲ್ಲ ಕರೆಂಟು ಹೋಯ್ತು, ನಮಗೆ ಲಾಂಚ್ ಬಂತು ಅಂತ ಅಜ್ಜ ಹೇಳ್ತಿದ್ದರು. ಹೊಳೆಬಾಗಿಲಿನಲ್ಲಿ ನಿಂತರೆ ಆಚೆ ದಡ ಕಣ್ಣೆದುರೇ, ಎರಡೂವರೆ ಕಿಲೋಮೀಟರೂ ಇಲ್ಲ. ದಾಟಿದರೆ ಸಾಗರಕ್ಕೆ ಗಂಟೆಯ ಬಸ್ ದಾರಿ. ಲಾಂಚ್ ಸಂಜೆ ನಿಂತರೆ ಮಾರನೇ ಬೆಳಿಗ್ಗೆವರೆಗೆ ಇಲ್ಲ. ಆಗ ಬ್ಯಾಕೋಡು, ಕೋಗಾರು, ಕಾರ್ಗಲ್, ತಾಳಗುಪ್ಪ ಅಂತ ಕಾಡು ಸುತ್ತಿ ಹೋಗಬೇಕು.

2010ರ ಜುಲೈ. ನಾನು ಬಿಇ ಮೂರನೇ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ರಾತ್ರಿ ಹತ್ತರ ಸುಮಾರು, ಉಂಡು ಎದ್ದ ಅಪ್ಪಯ್ಯ ಕೈ ತೊಳೆಯೋಕೆ ಹೋದವರು ಬಚ್ಚಲ ಬಾಗಿಲಲ್ಲೇ ಕುಸಿದರು. ಬಾಯಿ ಒಂದು ಕಡೆ ವಾಲಿತ್ತು. ಲಕ್ವ ಅಂತ ಅಮ್ಮನಿಗೆ ನೋಡಿದ ಕೂಡಲೇ ಗೊತ್ತಾಯ್ತು. ಹೊರಗೆ ಮಳೆ ಅಂದರೆ ಮಳೆ, ಗಾಳಿಗೆ ನೀರು ಎದ್ದಿತ್ತು, ಆ ಹೊತ್ತಲ್ಲಿ ಯಾರು ಬಂದರೂ ಲಾಂಚ್ ಬಿಡೋ ಹಾಗಿರಲಿಲ್ಲ. ಪಕ್ಕದ ಮನೆಯ ಅಣ್ಣನ ಜೀಪಿನ ಹಿಂದಿನ ಸೀಟಲ್ಲಿ ಅಪ್ಪಯ್ಯನ ತಲೆ ನನ್ನ ತೊಡೆ ಮೇಲೆ. ಎರಡು ಕಡೆ ಮರ ಬಿದ್ದಿತ್ತು. ಒಂದನ್ನು ಕಡಿದೆವು, ಒಂದನ್ನು ಸುತ್ತಿ ಹಳ್ಳಕ್ಕೆ ಇಳಿಸಿ ಹತ್ತಿಸಿದೆವು. ಸಾಗರ ಮುಟ್ಟಿದಾಗ ಬೆಳಗಿನ ಜಾವ ಮೂರೂವರೆ. ಡಾಕ್ಟರು ಒಳ್ಳೆಯವರು, ಕೈಲಾದ್ದೆಲ್ಲ ಮಾಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಇದಕ್ಕೆಲ್ಲ ಮೊದಲ ಎರಡು ಮೂರು ಗಂಟೆ ಮುಖ್ಯ ಕಣಪ್ಪ” ಅಂದರು, ಅಷ್ಟೇ.

ಅಪ್ಪಯ್ಯ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರ ಅಂಕಿ ನೋಡೋಕೆ ದೂರದಿಂದ ಜನ ಬರ್ತಿದ್ದರು ಅಂದರೆ ಉತ್ಪ್ರೇಕ್ಷೆ, ಆದರೆ ಆಡಿಟ್‌ಗೆ ಬಂದವರು ಹೊಗಳಿ ಹೋಗ್ತಿದ್ದದ್ದು ನಿಜ. ಬಲಗೈ ಪೂರ್ತಿ ವಾಪಸ್ ಬರಲಿಲ್ಲ. ಈಗ ಎಡಗೈಯಲ್ಲಿ ಸಹಿ ಹಾಕ್ತಾರೆ, ಒಂದನೇ ಕ್ಲಾಸಿನ ಮಕ್ಕಳ ಹಾಗೆ.

ಇಂಥ ಮನೆಯಿಂದ ಬಂದ ನಾನು ಎರಡು ಚುಕ್ಕೆ ಇಟ್ಟು, ನಡುವೆ ಗೆರೆ ಎಳೆದು, ಗೆರೆಯ ಉದ್ದವನ್ನು ವೇಗದಿಂದ ಭಾಗಿಸಿ ‘ಇಷ್ಟೇ ಹೊತ್ತು’ ಅಂತ ಜಗತ್ತಿಗೆ ಹೇಳಿದ್ದೆ. ಅದೇ ಲೆಕ್ಕವನ್ನು ನಮ್ಮೂರಿಗೆ ಹಾಕಿದರೆ ಅವತ್ತು ರಾತ್ರಿ ಹನ್ನೊಂದಕ್ಕೆಲ್ಲ ನಾವು ಸಾಗರದಲ್ಲಿರಬೇಕಿತ್ತು.

ಆ ಟಿಕೆಟ್ ಮುಚ್ಚಲಿಲ್ಲ. ನೇರ ವಿಮಾನ ಇಲ್ಲದ ಕಡೆ ಹೊತ್ತು ತೋರಿಸೋದು ಬೇಡ, ‘ನೇರ ವಿಮಾನವಿಲ್ಲ’ ಅಂತ ಬರೆಯೋಣ ಅಂದೆ. ನಮ್ಮ ಪ್ರಾಡಕ್ಟ್ ಮ್ಯಾನೇಜರ್ ಕೆಟ್ಟವನಲ್ಲ, ಆದರೆ ಅವನಿಗೆ ಅವನ ಮೇಲಿನವರು ಇದ್ದಾರೆ. “ಗುರು, ನಲವತ್ತೈದು ಲಕ್ಷ ಜೋಡಿಲಿ ನೇರ ಫ್ಲೈಟ್ ಇರೋದೆಷ್ಟು? ಎಲ್ಲ ಕಡೆ ಇಲ್ಲ ಇಲ್ಲ ಅಂತ ಬರೆದ್ರೆ ನಮ್ಮನ್ನ ಯಾರು ನೋಡ್ತಾರೆ?” ಅಂದ. ಅವನ ಮಾತಲ್ಲಿ ಲೆಕ್ಕ ಇತ್ತು. “ಅಲ್ಲಿ ಒಬ್ಬರ ತಂಗಿ ಇದಾಳೆ” ಅಂತ ನಾನಂದೆ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ, ಅದನ್ನು ಸ್ಪ್ರಿಂಟ್ ಪ್ಲ್ಯಾನಿಂಗ್‌ಗೆ ಹಾಕೋದು ಹೇಗೆ ಅಂತ ನನಗೂ ಗೊತ್ತಿರಲಿಲ್ಲ. ಮೂರು ವಾರ ಎಳೆದಾಡಿ ಒಂದು ರಾಜಿ ಆಯ್ತು. ದೂರದ ಪಕ್ಕ ‘ನೇರ ರೇಖೆಯಲ್ಲಿ’ ಅಂತ ಸೇರಿಸಿದೆವು. ಹೊತ್ತಿನ ಜಾಗದಲ್ಲಿ, ನೇರ ವಿಮಾನ ಇಲ್ಲದಿದ್ದರೆ, ಸಿಗುವ ಅತ್ಯಂತ ಚಿಕ್ಕ ಪ್ರಯಾಣದ ಹೊತ್ತು, ಕಾಯುವ ಸಮಯವೂ ಸೇರಿ. ಇಕಾಲುಯಿಟ್–ನೂಕ್ ಪುಟದಲ್ಲಿ 1 ಗಂಟೆ 32 ನಿಮಿಷ ಹೋಗಿ ದಿನಗಳ ಲೆಕ್ಕ ಬಂತು. ಟಿಕೆಟ್ ಹಾಕಿದವರಿಗೆ ಕ್ಷಮೆ ಕೇಳಿ ಬರೆದೆ. ಉತ್ತರ ಬರಲಿಲ್ಲ.

ಮಾರನೇ ವರ್ಷ ಆಫೀಸಿನ ಕೆಲಸಕ್ಕೆ ಫ್ರಾಂಕ್‌ಫರ್ಟ್ ಮೇಲೆ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗುವಾಗ ಎದುರಿನ ಸೀಟಿನ ಬೆನ್ನಲ್ಲಿದ್ದ ಪರದೆಯಲ್ಲಿ ಭೂಪಟ ಹಾಕಿಕೊಂಡು ಕೂತಿದ್ದೆ. ಎಲ್ಲರೂ ಕಿಟಕಿಯ ಪರದೆ ಇಳಿಸಿ ಮಲಗಿದ್ದರು. ಗ್ರೀನ್‌ಲ್ಯಾಂಡಿನ ಬಿಳಿ ಮುಗಿದು ನೂಕ್ ಅನ್ನೋ ಹೆಸರು ಪರದೆಯ ಅಂಚಿನಲ್ಲಿ ಕಾಣಿಸಿತು. ಇನ್ನೊಂದು ಗಂಟೆ ಕಳೆಯೋದರೊಳಗೆ ಇಕಾಲುಯಿಟ್ ಕಾಣಿಸಿತು. ಮುನ್ನೂರು ಜನ, ಒಬ್ಬರಿಗೂ ಆ ಎರಡರಲ್ಲಿ ಒಂದೂ ಊರಲ್ಲಿ ಕೆಲಸ ಇಲ್ಲ, ಮೇಲಿಂದ ಹಾದುಹೋಗ್ತಾ ಇದ್ದೇವೆ. ದಿನಕ್ಕೆ ಇಂಥ ವಿಮಾನ ಎಷ್ಟೋ. ಅವು ಇಕಾಲುಯಿಟ್‌ನಲ್ಲಿ ಇಳಿಯೋದು ಏನಾದರೂ ಕೆಟ್ಟರೆ ಮಾತ್ರ. 2017ರ ಫೆಬ್ರುವರಿಯಲ್ಲಿ ಜ್ಯೂರಿಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟ ದೊಡ್ಡ ವಿಮಾನವೊಂದು ಎಂಜಿನ್ ಕೈಕೊಟ್ಟು ಅಲ್ಲಿ ಇಳಿದಿತ್ತು. ಅದಕ್ಕೂ ಮೊದಲು, 2006ರಲ್ಲಿ, ಎರಡಂತಸ್ತಿನ ಏರ್‌ಬಸ್ ಎ380 ಅನ್ನು ಚಳಿ ತಡೆಯುತ್ತಾ ಅಂತ ಪರೀಕ್ಷೆ ಮಾಡೋಕೆ ಅಲ್ಲಿಗೆ ತಂದಿದ್ದರು. ಪ್ರಪಂಚದ ಅತಿದೊಡ್ಡ ಪ್ರಯಾಣಿಕ ವಿಮಾನ ಬಂದು ಹೋಗುವಷ್ಟು ಉದ್ದದ ಓಡುಹಾದಿ ಇರೋ ಊರು. ಪಕ್ಕದ ಊರಿಗೆ ಒಂದು ಸಣ್ಣ ವಿಮಾನ ಇಲ್ಲ.

2024ರ ಬೇಸಿಗೆಯಲ್ಲಿ ಅದು ಬಂತು. ಏರ್ ಇನ್ಯುಯಿಟ್ ಅನ್ನೋ ಕಂಪನಿ ಏರ್ ಗ್ರೀನ್‌ಲ್ಯಾಂಡ್ ಜೊತೆ ಸೇರಿ ವಾರಕ್ಕೊಂದು ವಿಮಾನ ಹಾಕಿತು, ರೆಕ್ಕೆಯ ಮೇಲೆ ಫ್ಯಾನ್ ತಿರುಗೋ ಡ್ಯಾಶ್–8. ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ನನ್ನ 800ರ ಲೆಕ್ಕ ಅಲ್ಲೂ ಸುಳ್ಳಾಯ್ತು, ಸುಮಾರು ಎರಡು ಗಂಟೆ ಬೇಕು. ಆ ವಾರ ಒಂದು ರಾತ್ರಿ ಕೂತು ವಿಮಾನದ ಜಾತಿ ನೋಡಿ ವೇಗ ಹಿಡಿಯೋ ಹಾಗೆ ಕೋಡ್ ತಿದ್ದಿದೆ. ಯಾರೂ ಹೇಳಿರಲಿಲ್ಲ.

ಅದೇ ನವೆಂಬರ್‌ನಲ್ಲಿ ನೂಕ್‌ನ ಹೊಸ ಓಡುಹಾದಿ ತೆರೆಯಿತು. ಹಳೆಯದು 930 ಮೀಟರ್, ಹೊಸತು 2,200. ದೊಡ್ಡ ವಿಮಾನ ಕೋಪನ್‌ಹೇಗನ್‌ನಿಂದ ಸೀದಾ ಬಂದು ಇಳಿಯಿತು. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ನಿಂದಲೂ ಶುರುವಾಯ್ತು, ನಾಲ್ಕು ಗಂಟೆಯ ದಾರಿ. ಒಳ್ಳೆಯದೇ. ಆದರೆ ಭೂಪಟ ನೋಡಿದರೆ ಹಗ್ಗಗಳು ದಪ್ಪ ಆಗಿವೆ ಅಷ್ಟೇ, ಪಕ್ಕದ ಮನೆಗೆ ಹೋಗೋ ದಾರಿ ಇನ್ನೂ ಕಾಲುಹಾದಿ.

ಹೊಸ ವಿಮಾನ ಶುರುವಾದ ಮೇಲೆ ಇನ್ನೊಂದು ದೂರು ಬಂದಿತ್ತು. ಗ್ರೀನ್‌ಲ್ಯಾಂಡಿನವರು 2023ರಲ್ಲಿ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಂದು ಹಾಗೇ ಬಿಟ್ಟಿದ್ದರು, ಯುರೋಪಿನ ಆಫೀಸ್ ವೇಳೆಗೆ ಹತ್ತಿರ ಆಗಲಿ ಅಂತ. ಅದರಿಂದ ನೂಕ್‌ಗೂ ಇಕಾಲುಯಿಟ್‌ಗೂ ಇದ್ದ ಎರಡು ಗಂಟೆಯ ವ್ಯತ್ಯಾಸ ಮೂರಾಯ್ತು. ಈಗ ನೂಕ್‌ನಿಂದ ಸಂಜೆ ಐದಕ್ಕೆ ಹೊರಟರೆ, ಎರಡು ಗಂಟೆ ಹಾರಿ, ಇಕಾಲುಯಿಟ್‌ನಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ನಾಲ್ಕು. ಹೊರಡುವ ಒಂದು ಗಂಟೆ ಮೊದಲೇ ತಲುಪಿರುತ್ತೀರಿ. ‘ನಿಮ್ಮ ಆ್ಯಪ್‌ನಲ್ಲಿ ತಪ್ಪಿದೆ’ ಅಂತ ಯಾರೋ ಬರೆದಿದ್ದರು. ಆ ಟಿಕೆಟನ್ನು ಮಾತ್ರ ‘ತಪ್ಪಿಲ್ಲ’ ಅಂತ ಬರೆದು ಸಂತೋಷದಿಂದ ಮುಚ್ಚಿದೆ.

2025ರ ಜುಲೈ 14ರಂದು ನಮ್ಮ ಹಿನ್ನೀರಿನ ಮೇಲೆ ಸೇತುವೆ ಆಯ್ತು. 2.44 ಕಿಲೋಮೀಟರ್. ಆ ತಿಂಗಳ ಕೊನೆಗೆ ಊರಿಗೆ ಹೋದಾಗ ಅಪ್ಪಯ್ಯ, “ನನ್ನ ಒಂದ್ಸಲ ದಾಟಿಸ್ಕಂಡು ಬಾರ” ಅಂದರು. ಕಾರಲ್ಲಿ ಕೂರಿಸಿಕೊಂಡು ಹೋದೆ. ಎಡಗೈಯ ವಾಚನ್ನೇ ನೋಡ್ತಾ ಇದ್ದರು. ಆಚೆ ದಡ ಮುಟ್ಟಿದಾಗ, “ಮೂರು ನಿಮಿಷನೂ ಆಗ್ಲಿಲ್ಲ” ಅಂದರು. ವಾಪಸ್ ಬರುವಾಗ ಸೇತುವೆಯ ನಡುವೆ ನಿಧಾನ ಮಾಡು ಅಂದರು, ಮಾಡಿದೆ. ಕೆಳಗೆ ಮಳೆಗಾಲದ ನೀರು ಕೆಂಪಗಿತ್ತು.

ಏನಾದರೂ ಮಾತಾಡಬೇಕಲ್ಲ ಅಂತ ನೂಕ್ ಇಕಾಲುಯಿಟ್ ಕತೆ ಹೇಳಿದೆ. ಹಿಮ, ಹಗ್ಗ, ವಾರಕ್ಕೊಂದು ವಿಮಾನ ಎಲ್ಲ ಹೇಳಿ, ಕೊನೆಗೆ ಆ ಐದಕ್ಕೆ ಹೊರಟು ನಾಲ್ಕಕ್ಕೆ ಇಳಿಯೋ ವಿಷಯವನ್ನೂ ಹೇಳಿದೆ. ಅಪ್ಪಯ್ಯ ನಂಬಲಿಲ್ಲ. ಬೆರಳು ಮಡಚಿ ಮಡಚಿ ಎರಡು ಸಲ ಲೆಕ್ಕ ಹಾಕಿದರು.

“ಹೌದಲ ಮಾರಾಯ” ಅಂದರು. “ಹೊರಡೋಕೆ ಮೊದ್ಲೇ ಮುಟ್ಟೋದು.” ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. “ಅವತ್ತು ನಮಗೆ ಅಂಥದ್ದೊಂದು ಬೇಕಿತ್ತು.”